ಫ್ಯಾಂಟಸಿ, ಸೈನ್ಸ್ ಫಿಕ್ಷನ್ ಕಾದಂಬರಿಗಳು: ಓದುವವರೂ ಓದಿಸುವವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಫ್ಯಾಂಟಸಿಗೂ ಸೈನ್ಸ್ ಫಿಕ್ಷನ್‌ಗೂ ಏನು ವ್ಯತ್ಯಾಸ?

ಏಳು ಸಮುದ್ರದಾಚೆ ಒಂದು ಗಿಳಿ. ಅದರಲ್ಲಿ ರಾಕ್ಷಸನ ಪ್ರಾಣ. ಈ ಕಥೆ ಕೇಳುವಾಗ ಪ್ರಾಣ ಗಿಳಿಯೊಳಗೆ ಹೋಗಿದ್ದು ಹೇಗೆ ಅಂತ ಯಾರೂ ಕೇಳುವುದಿಲ್ಲ. ಗಿಳಿಯ ಕತ್ತು ಹಿಸುಕಿದರೆ ರಾಕ್ಷಸ ಸಾಯಬೇಕು, ಅದು ಆ ಲೋಕದ ನಿಯಮ. ಇದು ಫ್ಯಾಂಟಸಿ. ಅದೇ ಕಥೆಯಲ್ಲಿ ಒಬ್ಬಳು ಎದ್ದು ನಿಂತು, "ಪ್ರಾಣವನ್ನು ಗಿಳಿಯ ಮಿದುಳಿಗೆ ನಕಲು ಮಾಡಿದ್ದು ಯಾರು? ಮೂಲ ಪ್ರತಿ ಎಲ್ಲಿದೆ?" ಎಂದು ಕೇಳಿ, ಕಥೆಗಾರ ಅದಕ್ಕೆ ಉತ್ತರ ಕೊಡಲು ಹೊರಟರೆ ಅದು ಸೈನ್ಸ್ ಫಿಕ್ಷನ್.

ಇದಕ್ಕಿಂತ ಗಟ್ಟಿ ಬೇಲಿ ಹಾಕಲು ಹೋಗಬೇಡಿ, ನಿಲ್ಲುವುದಿಲ್ಲ. ಆನ್ ಮೆಕ್ಯಾಫ್ರಿ ಅವರ 'ಪರ್ನ್' ಕಥೆಗಳಲ್ಲಿ ಬೆಂಕಿ ಉಗುಳುವ ಡ್ರ್ಯಾಗನ್‌ಗಳಿವೆ, ಆದರೆ ಅವು ಬೇರೊಂದು ಗ್ರಹಕ್ಕೆ ಹೋಗಿ ನೆಲೆಸಿದ ಮನುಷ್ಯರು ಅಲ್ಲಿನ ಪ್ರಾಣಿಗಳಿಂದ ತಳಿ ತಿದ್ದಿ ಮಾಡಿಕೊಂಡವು. ಅತ್ತ ಆಕ್ಟೇವಿಯಾ ಬಟ್ಲರ್ ಅವರ 'ಕಿಂಡ್ರೆಡ್' (1979) ಕಾಲಪ್ರಯಾಣದ ಕಾದಂಬರಿ. ಆದರೆ ಯಂತ್ರವಿಲ್ಲ, ವಿವರಣೆಯೂ ಇಲ್ಲ. ಹಾಗಾಗಿ ಬಟ್ಲರ್ ಅದನ್ನು ಫ್ಯಾಂಟಸಿ ಎಂದೇ ಕರೆದರು. ಯಾವ ಕಪಾಟಿನಲ್ಲಿ ಇಡಬೇಕು ಅನ್ನೋದು ಕಪಾಟಿನವರ ತಲೆನೋವು.

ಇದುವರೆಗೆ ಒಂದೂ ಓದಿಲ್ಲ. ಎಲ್ಲಿಂದ ಶುರು ಮಾಡಲಿ?

'ಅತ್ಯುತ್ತಮ ನೂರು' ಪಟ್ಟಿಯಿಂದ ಬೇಡ. ನೀವು ಈಗಾಗಲೇ ಇಷ್ಟಪಡುವ ಕಥೆಯ ಪಕ್ಕದ ಬಾಗಿಲಿನಿಂದ ಬನ್ನಿ.

ಪತ್ತೇದಾರಿ ಇಷ್ಟ ಅಂದರೆ ಐಸಾಕ್ ಅಸಿಮೋವ್ ಅವರ 'ದಿ ಕೇವ್ಸ್ ಆಫ್ ಸ್ಟೀಲ್' (1954). ಒಂದು ಕೊಲೆ, ಒಬ್ಬ ಪೊಲೀಸ್, ಅವನ ಜೊತೆಗೆ ಬಲವಂತವಾಗಿ ಹಾಕಿದ ರೋಬೋ. ಪೊಲೀಸನಿಗೆ ರೋಬೋ ಕಂಡರೆ ಆಗದು. ಇತಿಹಾಸ ಓದುವವರಿಗೆ ಮೇಲೆ ಹೇಳಿದ 'ಕಿಂಡ್ರೆಡ್'. 1976ರ ಅಮೆರಿಕದಲ್ಲಿರುವ ಕಪ್ಪು ಮಹಿಳೆಯೊಬ್ಬಳು ಗುಲಾಮಗಿರಿಯ ಕಾಲದ ತೋಟವೊಂದಕ್ಕೆ ಮತ್ತೆ ಮತ್ತೆ ಎಳೆಯಲ್ಪಡುತ್ತಾಳೆ. ಒಗಟು ಬಿಡಿಸುವ ಚಟ ಇದ್ದವರಿಗೆ ಸುಸಾನಾ ಕ್ಲಾರ್ಕ್ ಅವರ 'ಪಿರಾನೆಸಿ' (2020). ಕೊನೆಯೇ ಇಲ್ಲದ ಕೋಣೆಗಳ ಒಂದು ಮನೆ, ಎಲ್ಲೆಲ್ಲೂ ಶಿಲ್ಪಗಳು, ಕೆಳ ಅಂತಸ್ತಿನಲ್ಲಿ ಸಮುದ್ರ, ಒಬ್ಬ ಮನುಷ್ಯನ ದಿನಚರಿ ಪುಸ್ತಕ. ನಗಬೇಕು, ಜಾಸ್ತಿ ಸಮಯವಿಲ್ಲ ಅಂದರೆ ಮಾರ್ಥಾ ವೆಲ್ಸ್ ಅವರ 'ಆಲ್ ಸಿಸ್ಟಮ್ಸ್ ರೆಡ್' (2017). ಅದರ ನಿರೂಪಕ ಅರ್ಧ ಯಂತ್ರದ ಕಾವಲುಗಾರ. ತನ್ನನ್ನು ಹಿಡಿತದಲ್ಲಿಟ್ಟಿದ್ದ ಸಾಫ್ಟ್‌ವೇರನ್ನು ತಾನೇ ಹ್ಯಾಕ್ ಮಾಡಿ ಸ್ವತಂತ್ರನಾಗಿದ್ದಾನೆ. ಆ ಸ್ವಾತಂತ್ರ್ಯದಲ್ಲಿ ಏನು ಮಾಡುತ್ತಾನೆ ಅಂದರೆ, ಕದ್ದು ಕೂತು ಸೀರಿಯಲ್ ನೋಡುತ್ತಾನೆ.

ಇವು ನನ್ನ ಆಯ್ಕೆಗಳು. ನಾಲ್ಕೂ ಚಿಕ್ಕವು ಅಥವಾ ಮಧ್ಯಮ ಗಾತ್ರದವು, ಮತ್ತು ಒಂದೇ ಪುಸ್ತಕದಲ್ಲಿ ಒಂದು ಕಥೆಯನ್ನು ಮುಗಿಸುತ್ತವೆ. ಮೊದಲ ಪುಸ್ತಕಕ್ಕೆ ಈ ಗುಣ ಮುಖ್ಯ. 'ಮುಂದಿನ ಹನ್ನೆರಡು ಸಂಪುಟಗಳಲ್ಲಿ ಗೊತ್ತಾಗುತ್ತೆ' ಅನ್ನೋ ಪುಸ್ತಕವನ್ನು ಹೊಸಬರ ಕೈಗೆ ಇಡಬಾರದು.

ಐವತ್ತು ಪುಟ ಓದಿದೆ. ತಲೆಬುಡ ಅರ್ಥವಾಗುತ್ತಿಲ್ಲ. ತಪ್ಪು ನನ್ನದಾ?

ಈ ಪ್ರಶ್ನೆಯ ಸುತ್ತಲೇ ಉಳಿದ ಬಹುಪಾಲು ಪ್ರಶ್ನೆಗಳು ತಿರುಗುತ್ತವೆ. ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ತಪ್ಪು ನಿಮ್ಮದಲ್ಲ, ಬಹಳ ಸಲ ಪುಸ್ತಕದ್ದೂ ಅಲ್ಲ. ಈ ಬಗೆಯ ಕಾದಂಬರಿ ಬೇರೆ ಥರದ ಓದು ಕೇಳುತ್ತದೆ. ಒಂದು ಸಾಲು ನೋಡಿ, ನಾನೇ ಈಗ ಕಟ್ಟಿದ್ದು: "ಅವಳ ನೆರಳು ಅವಳಿಗಿಂತ ಮೊದಲೇ ಮನೆ ಸೇರಿತ್ತು." ಮಾಮೂಲಿ ಕಾದಂಬರಿಯಲ್ಲಿ ಇದು ಸಂಜೆಯ ಬಿಸಿಲಿನ ವರ್ಣನೆ. ಓದಿ ಮುಂದೆ ಹೋಗುತ್ತೀರಿ. ಫ್ಯಾಂಟಸಿಯಲ್ಲಿ ಇದೇ ಸಾಲು ಬಂದರೆ ಒಂದು ಕ್ಷಣ ನಿಲ್ಲಬೇಕು. ನೆರಳು ನಿಜವಾಗಿಯೂ ನಡೆದುಕೊಂಡು ಹೋಗಿ ಬಾಗಿಲು ತೆಗೆದು ಕುರ್ಚಿಯ ಮೇಲೆ ಕೂತಿರಬಹುದು. ಯಾವುದು ಅಂತ ಇನ್ನೂ ಗೊತ್ತಿಲ್ಲ. ಎರಡೂ ಸಾಧ್ಯತೆಗಳನ್ನು ಕೈಯಲ್ಲಿ ಹಿಡಿದುಕೊಂಡೇ ಮುಂದಿನ ಸಾಲಿಗೆ ಹೋಗಬೇಕು. ಮುಂದಿನ ಪುಟದಲ್ಲಿ ಅಮ್ಮ ನೆರಳಿಗೆ "ಅವಳೆಲ್ಲಿ?" ಅಂತ ಕೇಳಿದರೆ, ಸರಿ, ಇಲ್ಲಿ ನೆರಳು ಮಾತಾಡುತ್ತೆ. ಒಂದು ಸಾಧ್ಯತೆ ಬಿಟ್ಟುಹಾಕಿ, ಇನ್ನೊಂದನ್ನು ಇಟ್ಟುಕೊಳ್ಳಿ.

ಹೀಗೆ ಅರ್ಥವಾಗದ್ದನ್ನು ಹಿಡಿದು ಕೂರುವುದೇ ಈ ಓದಿನ ಕೆಲಸ. ಅದೇ ಅದರ ಮಜಾ ಕೂಡ.

ಫ್ರಾಂಕ್ ಹರ್ಬರ್ಟ್ ಅವರ 'ಡ್ಯೂನ್' (1965) ಮೊದಲ ಅಧ್ಯಾಯವನ್ನೇ ತೆಗೆದುಕೊಳ್ಳಿ. ಹದಿನೈದು ವರ್ಷದ ಪಾಲ್ ಮಲಗಿದ್ದಾನೆ. ಮುದುಕಿಯೊಬ್ಬಳು ಬಂದು ನೋಡಿ, ಎರಡು ವಿಚಿತ್ರ ಪದಗಳನ್ನು ಆಡಿ ಹೋಗುತ್ತಾಳೆ. ಒಂದು 'ಗೋಮ್ ಜಬ್ಬಾರ್', ಇನ್ನೊಂದು 'ಕ್ವಿಸಾಟ್ಸ್ ಹಡೆರಾಕ್'. ಪಾಲ್ ಅವೆರಡನ್ನೂ ಮನಸ್ಸಿನಲ್ಲಿ ಹೊರಳಿಸುತ್ತಾನೆ. ಅವನಿಗೂ ಅರ್ಥ ಗೊತ್ತಿಲ್ಲ! ಬೆಳಗಾದ ಮೇಲೆ ಆ ಮುದುಕಿ ಅವನ ಕೈಯನ್ನು ಒಂದು ಪೆಟ್ಟಿಗೆಯೊಳಗೆ ಇಡಿಸಿ, ಕುತ್ತಿಗೆಯ ಹತ್ತಿರ ವಿಷದ ಸೂಜಿ ಹಿಡಿಯುತ್ತಾಳೆ. ಆ ಸೂಜಿಯೇ ಗೋಮ್ ಜಬ್ಬಾರ್. ಒಂದು ಪದದ ಸಾಲ ಅದೇ ಅಧ್ಯಾಯದಲ್ಲಿ ತೀರಿತು. ಇನ್ನೊಂದರ ಭಾರ ಪೂರ್ತಿ ತಿಳಿಯಲು ಕಾದಂಬರಿಯ ಬಹುಭಾಗ ಓದಬೇಕು. ಲೇಖಕ ಬೇಕಂತಲೇ ಒಂದನ್ನು ಬೇಗ ತೀರಿಸಿ, 'ನೋಡಿ, ನಾನು ಸಾಲ ಇಟ್ಟುಕೊಳ್ಳುವವನಲ್ಲ, ಇನ್ನೊಂದಕ್ಕೂ ಕಾಯಿರಿ' ಎಂದು ನಂಬಿಕೆ ಹುಟ್ಟಿಸುತ್ತಾನೆ. ಪುಸ್ತಕದ ಕೊನೆಯಲ್ಲಿ ಪದಕೋಶವೂ ಇದೆ. ಆದರೆ ನನ್ನ ಮಾತು ಕೇಳಿ, ಪ್ರತಿ ಪದಕ್ಕೂ ಹಿಂದಕ್ಕೆ ಓಡಬೇಡಿ. ಓಡಿದರೆ ಕಾದಂಬರಿ ಪಠ್ಯಪುಸ್ತಕ ಆಗುತ್ತದೆ.

ಕೆಲವು ಪುಸ್ತಕಗಳಲ್ಲಿ ಆ ಸಾಲ ತೀರುವುದೇ ಇಲ್ಲ. ಅರ್ಸುಲಾ ಲೆ ಗ್ವಿನ್ ಅವರ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' (1969) ಕಾದಂಬರಿಯಲ್ಲಿ 'ಶಿಫ್ಗ್ರೆತೋರ್' ಎಂಬ ಮಾತಿದೆ. ಮಾನ, ಅಂತಸ್ತು, ಮುಖ ಉಳಿಸಿಕೊಳ್ಳುವುದು, ಇವೆಲ್ಲ ಸೇರಿದ್ದು. ಬೇರೆ ಲೋಕದಿಂದ ಬಂದ ನಿರೂಪಕನಿಗೆ ಅದು ಸರಿಯಾಗಿ ಹಿಡಿಯುವುದಿಲ್ಲ. ಅದು ಹಿಡಿಯದ ಕಾರಣಕ್ಕೇ ಅವನು ತನ್ನ ಹಿತೈಷಿಯನ್ನು ತಪ್ಪು ತಿಳಿಯುತ್ತಾನೆ. ನಿಮಗೂ ಅರ್ಥವಾಗದೇ ಇರುವುದು ಇಲ್ಲಿ ಕಥೆಯ ಒಂದು ಭಾಗ.

ಹಾಗಂತ ಎಲ್ಲ ಗೊಂದಲವೂ ಒಳ್ಳೆಯದಲ್ಲ. ನಾನು ನೋಡುವುದು ಇಷ್ಟೇ: ಐವತ್ತು ಪುಟ ಆದ ಮೇಲೆ ಒಂದು ಪದವಾದರೂ, ಒಂದು ಗುಟ್ಟಾದರೂ ಬಿಚ್ಚಿಕೊಂಡಿದೆಯಾ? ಒಂದೂ ಇಲ್ಲ, ಹೊಸ ಹೊಸ ಹೆಸರುಗಳು ಮಾತ್ರ ಬಂದು ಬೀಳುತ್ತಿವೆ ಅಂದರೆ ತಪ್ಪು ಲೇಖಕರದು. ಧಾರಾಳವಾಗಿ ಬೈಯಿರಿ.

ಹೆಸರುಗಳು ನೆನಪಿರುವುದೇ ಇಲ್ಲ. ಏನು ಮಾಡಲಿ?

ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳಿ. ಬರೀ ಹೆಸರು ಬೇಡ, ಜೊತೆಗೆ ನಿಮ್ಮದೇ ಗುರುತು ಇರಲಿ. ನನ್ನ ಹಳೆಯ ಪ್ರತಿಯೊಂದರಲ್ಲಿ 'ಸುಳ್ಳು ಹೇಳುವ ಮಾವ', 'ಕುದುರೆಯವಳು', 'ಇವನೇ ಅವನಿರಬಹುದು??' ಎಂದೆಲ್ಲ ಇದೆ. ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕಿದವನು ಅವನೇ ಆಗಿದ್ದ. ಉಚ್ಚಾರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಮನಸ್ಸಿನಲ್ಲಿ ಹೇಗೆ ಓದಿದರೂ ಯಾರೂ ಕೇಳಿಸಿಕೊಳ್ಳಲ್ಲ.

ಸೈನ್ಸ್ ಫಿಕ್ಷನ್ ಓದಲು ವಿಜ್ಞಾನ ಗೊತ್ತಿರಬೇಕಾ?

ಬೇಡ. ಗೊತ್ತಿದ್ದವರಿಗೆ ಜಗಳವಾಡುವ ಸುಖ ಹೆಚ್ಚುವರಿಯಾಗಿ ಸಿಗುತ್ತದೆ, ಅಷ್ಟೇ.

ಲ್ಯಾರಿ ನಿವೆನ್ ಅವರ 'ರಿಂಗ್‌ವರ್ಲ್ಡ್' (1970) ಕಥೆ ಕೇಳಿ. ನಾಯಕ ತನ್ನ ಹುಟ್ಟುಹಬ್ಬದ ದಿನವನ್ನು ಹಿಗ್ಗಿಸಲು ಒಂದೂರಿಂದ ಇನ್ನೊಂದೂರಿಗೆ ಕ್ಷಣದಲ್ಲಿ ಜಿಗಿಯುತ್ತಾ ಹೋಗುತ್ತಾನೆ. ಮೊದಲ ಮುದ್ರಣದಲ್ಲಿ ಅವನು ಪೂರ್ವಕ್ಕೆ ಹೋದ. ಪೂರ್ವಕ್ಕೆ ಹೋದರೆ ದಿನ ಬೇಗ ಮುಗಿಯುತ್ತೆ, ಅಲ್ವಾ? ಆಮೇಲಿನ ಮುದ್ರಣಗಳಲ್ಲಿ ತಿದ್ದಿದರು. ಅಷ್ಟಕ್ಕೇ ಮುಗಿಯಲಿಲ್ಲ. ಕಥೆ ನಡೆಯುವುದು ನಕ್ಷತ್ರವೊಂದನ್ನು ಸುತ್ತುವರಿದ ದೈತ್ಯ ಉಂಗುರದ ಮೇಲೆ. ಆ ಉಂಗುರ ತನ್ನಷ್ಟಕ್ಕೆ ಸ್ಥಿರವಾಗಿ ನಿಲ್ಲದು ಎಂದು ಓದುಗರು ಲೆಕ್ಕ ಹಾಕಿ ತೋರಿಸಿದರು. ನಿವೆನ್ ಎರಡನೇ ಭಾಗ ಬರೆದು, ಆ ದೋಷವನ್ನೇ ಕಥೆ ಮಾಡಿದರು.

ಆಂಡಿ ವೀರ್ ಅವರ 'ದಿ ಮಾರ್ಷಿಯನ್' ಲೆಕ್ಕಾಚಾರಕ್ಕೆ ಹೆಸರಾದ ಪುಸ್ತಕ. ಮೊದಲು ತಮ್ಮದೇ ವೆಬ್‌ಸೈಟಿನಲ್ಲಿ ಕಂತು ಕಂತಾಗಿ ಹಾಕಿದ್ದು, 2011ರಲ್ಲಿ ತಾವೇ ಪ್ರಕಟಿಸಿದ್ದು. ಅದರಲ್ಲೂ ಕಥೆಯನ್ನು ಶುರು ಮಾಡುವ ಬಿರುಗಾಳಿ ಸುಳ್ಳು. ಮಂಗಳನ ವಾತಾವರಣದ ಒತ್ತಡ ಭೂಮಿಯದರ ನೂರರಲ್ಲಿ ಒಂದು ಪಾಲೂ ಇಲ್ಲ. ಅಷ್ಟು ತೆಳುವಾದ ಗಾಳಿ ರಾಕೆಟ್ಟನ್ನು ಉರುಳಿಸಲಾರದು. ವೀರ್ ಅವರಿಗೂ ಇದು ಗೊತ್ತಿತ್ತು, ಕಥೆಗೆ ಬೇಕಿತ್ತು, ಇಟ್ಟರು. ನನಗೆ ಓದುವಾಗ ಗೊತ್ತಾಗಲಿಲ್ಲ. ಗೊತ್ತಾದ ಮೇಲೂ ಪುಸ್ತಕದ ಮೇಲಿನ ಪ್ರೀತಿ ಕಡಿಮೆಯಾಗಲಿಲ್ಲ.

ಹಳೆಯದನ್ನೆಲ್ಲ ಓದಿಕೊಂಡೇ ಬರಬೇಕಾ?

ಇಲ್ಲ. ಹಾಗೆ ಹೊರಟವರು ಅರ್ಧ ದಾರಿಯಲ್ಲೇ ಸುಸ್ತಾಗುತ್ತಾರೆ. ಆದರೆ ಎರಡು ಹಳೆಯವು ಇವತ್ತಿಗೂ ಜೀವಂತ. ಎಚ್. ಜಿ. ವೆಲ್ಸ್ ಅವರ 'ದಿ ಟೈಮ್ ಮಶೀನ್' (1895), ಒಂದೇ ಸಂಜೆಯಲ್ಲಿ ಮುಗಿಯುವಷ್ಟು ಚಿಕ್ಕದು. ಅದರ ನಾಯಕ ಕ್ರಿ.ಶ. 8,02,701ಕ್ಕೆ ಹೋಗುತ್ತಾನೆ. ಆ ಪುಂಡ ಸಂಖ್ಯೆಯ ಧೈರ್ಯವೇ ನನಗಿಷ್ಟ. ಇನ್ನೊಂದು ಮೇರಿ ಶೆಲ್ಲಿ ಅವರ 'ಫ್ರಾಂಕೆನ್‌ಸ್ಟೈನ್' (1818). ಹೆಸರಿಲ್ಲದೆ ಪ್ರಕಟವಾದಾಗ ಆಕೆಗೆ ಇಪ್ಪತ್ತು ವರ್ಷ. ಫ್ರಾಂಕೆನ್‌ಸ್ಟೈನ್ ಅನ್ನೋದು ರಾಕ್ಷಸನ ಹೆಸರಲ್ಲ, ಅವನನ್ನು ಮಾಡಿ ಬಿಟ್ಟು ಓಡಿದವನ ಹೆಸರು. ಆ ಜೀವ ಎಷ್ಟು ಚೆನ್ನಾಗಿ ಮಾತಾಡುತ್ತೆ ಅಂತ ಸಿನಿಮಾ ಮಾತ್ರ ನೋಡಿದವರಿಗೆ ಗೊತ್ತೇ ಇರುವುದಿಲ್ಲ.

ಸರಣಿಯನ್ನು ಯಾವ ಕ್ರಮದಲ್ಲಿ ಓದಬೇಕು? ಬರೆದ ಕ್ರಮವೋ, ಕಥೆಯ ಕಾಲಕ್ರಮವೋ?

ಪ್ರಕಟವಾದ ಕ್ರಮ. ಕಣ್ಣು ಮುಚ್ಚಿ ಹೇಳುತ್ತೇನೆ.

ಸಿ. ಎಸ್. ಲೂಯಿಸ್ ಅವರ ನಾರ್ನಿಯಾ ಪುಸ್ತಕಗಳು ಏಳು, 1950ರಿಂದ 1956ರವರೆಗೆ ಬಂದವು. ಮೊದಲು ಬಂದದ್ದರಲ್ಲಿ ಲೂಸಿ ಎಂಬ ಹುಡುಗಿ ಬಟ್ಟೆಯ ಬೀರುವಿನೊಳಗೆ ಹೋಗಿ, ಹಿಮ ಬಿದ್ದ ಕಾಡಿಗೆ ಬರುತ್ತಾಳೆ. ಅಲ್ಲಿ ಮರಗಳ ನಡುವೆ ಒಂದು ಬೀದಿ ದೀಪದ ಕಂಬ ಉರಿಯುತ್ತಾ ನಿಂತಿದೆ. ಊರಿಲ್ಲ, ಬೀದಿಯಿಲ್ಲ, ಕಂಬ ಮಾತ್ರ ಇದೆ. ಇದ್ಯಾಕಿದೆ ಇಲ್ಲಿ? ಅವಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಆ ಕಂಬ ಅಲ್ಲಿಗೆ ಬಂದದ್ದು ಹೇಗೆ ಅಂತ ಹೇಳುವ 'ದಿ ಮ್ಯಾಜಿಶಿಯನ್ಸ್ ನೆಫ್ಯೂ' ಆರನೆಯದಾಗಿ, 1955ರಲ್ಲಿ ಬಂತು. ಈಗಿನ ಮುದ್ರಣಗಳಲ್ಲಿ ಅದರ ಬೆನ್ನಿಗೆ 1 ಎಂದು ಹಾಕಿರುತ್ತಾರೆ, ಏಕೆಂದರೆ ಕಥೆಯ ಕಾಲದಲ್ಲಿ ಅದು ಮೊದಲು. ಹಾಗೆ ಓದಿದರೆ ಲೂಸಿ ಕಂಬದ ಮುಂದೆ ನಿಂತಾಗ ನಿಮಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಅವಳು ಒಬ್ಬಳೇ ಬೆರಗಾಗುತ್ತಾಳೆ, ನೀವು ಸುಮ್ನೆ ನೋಡುತ್ತೀರಿ. 1957ರಲ್ಲಿ ಒಬ್ಬ ಹುಡುಗ ಲೂಯಿಸ್ ಅವರಿಗೆ ಪತ್ರ ಬರೆದು ಕಾಲಕ್ರಮವೇ ಸರಿ ಅಂದಿದ್ದ. ಲೂಯಿಸ್ ಅವನ ಕಡೆಗೇ ವಾಲಿ ಉತ್ತರ ಬರೆದರು. ಇರಲಿ. ಈ ಒಂದು ವಿಷಯದಲ್ಲಿ ಲೇಖಕರ ಮಾತನ್ನು ಕೇಳಬೇಡಿ.

ಅಸಿಮೋವ್ ಅವರ 'ಫೌಂಡೇಶನ್' ಕೂಡ ಹೀಗೆಯೇ. 1951, 1952, 1953ರ ಮೂರು ಮೊದಲು. 1988ರಲ್ಲಿ ಬಂದ 'ಪ್ರಿಲ್ಯೂಡ್' ಹೆಸರಿಗೆ ಪೀಠಿಕೆ, ಆದರೆ ಮೊದಲು ಓದುವಂಥದ್ದಲ್ಲ.

ಒಂದು ವಿನಾಯಿತಿ ಇದೆ. ಟೆರಿ ಪ್ರ್ಯಾಚೆಟ್ ಅವರ ಡಿಸ್ಕ್‌ವರ್ಲ್ಡ್ ಕಾದಂಬರಿಗಳು ನಲವತ್ತೊಂದು. 1983ರ ಮೊದಲನೆಯದು ಅವರು ಇನ್ನೂ ಕೈ ಪಳಗಿಸಿಕೊಳ್ಳುತ್ತಿದ್ದಾಗ ಬರೆದದ್ದು. 'ಮಾರ್ಟ್' (1987) ಅಥವಾ 'ಗಾರ್ಡ್ಸ್! ಗಾರ್ಡ್ಸ್!' (1989) ಇಂದ ಶುರು ಮಾಡಿ, ರುಚಿ ಹತ್ತಿದ ಮೇಲೆ ಹಿಂದಕ್ಕೆ ಹೋಗಿ. ಟೋಲ್ಕಿನ್ ಅವರ ವಿಷಯದಲ್ಲಿ ಮೊದಲು 'ದಿ ಹಾಬಿಟ್' (1937), ಆಮೇಲೆ 'ದಿ ಲಾರ್ಡ್ ಆಫ್ ದಿ ರಿಂಗ್ಸ್' (1954-55). ಇದು ಮೂರು ಕಾದಂಬರಿಯಲ್ಲ, ಒಂದೇ. ಯುದ್ಧಾನಂತರ ಕಾಗದ ದುಬಾರಿಯಾಗಿದ್ದರಿಂದ ಮೂರು ಸಂಪುಟವಾಗಿ ಒಡೆದರು. 'ದಿ ಸಿಲ್ಮರಿಲಿಯನ್' (1977) ಆ ಲೋಕದ ಆರಂಭದ ಕಥೆ ಅಂತ ಅದರಿಂದ ಶುರು ಮಾಡಿ ಕೈ ಸುಟ್ಟುಕೊಂಡವರು ಬಹಳ ಜನ. ಹೊಸಬರಿಗೆ ಅದು ಕಬ್ಬಿಣದ ಕಡಲೆ.

ಲೇಖಕರು ಇನ್ನೂ ಮುಗಿಸದ ಸರಣಿ ಶುರು ಮಾಡಬಹುದಾ?

ದಾರಿಯ ಸುಖಕ್ಕೆ ಓದುವವರಾದರೆ ಮಾಡಿ. ಕೊನೆ ಗೊತ್ತಾಗದಿದ್ದರೆ ನಿದ್ದೆ ಬರದವರಾದರೆ ಬೇಡ. ಜಾರ್ಜ್ ಆರ್. ಆರ್. ಮಾರ್ಟಿನ್ ಅವರ 'ಎ ಸಾಂಗ್ ಆಫ್ ಐಸ್ ಅಂಡ್ ಫೈರ್' ಸರಣಿಯ ಮೊದಲ ಪುಸ್ತಕ 1996ರದು, ಐದನೆಯದು 2011ರದು. ಆರನೆಯದಕ್ಕೆ ಕಾಯುತ್ತಾ ಕೆಲವರ ಮಕ್ಕಳು ಅದನ್ನು ಓದುವ ವಯಸ್ಸಿಗೆ ಬಂದಿದ್ದಾರೆ. ಇನ್ನೊಂದು ಕಡೆ, ರಾಬರ್ಟ್ ಜೋರ್ಡನ್ 2007ರಲ್ಲಿ ತೀರಿಕೊಂಡಾಗ 'ದಿ ವೀಲ್ ಆಫ್ ಟೈಮ್' ಮುಗಿದಿರಲಿಲ್ಲ. ಅವರು ಬಿಟ್ಟುಹೋದ ಟಿಪ್ಪಣಿಗಳನ್ನು ಇಟ್ಟುಕೊಂಡು ಬ್ರ್ಯಾಂಡನ್ ಸ್ಯಾಂಡರ್ಸನ್ ಕೊನೆಯ ಮೂರು ಸಂಪುಟ ಬರೆದರು. 2013ರಲ್ಲಿ ಹದಿನಾಲ್ಕನೆಯದರೊಂದಿಗೆ ಮುಗಿಯಿತು.

ಪ್ರಶಸ್ತಿ ಬಂದದ್ದನ್ನು ನೋಡಿ ಆರಿಸಿಕೊಳ್ಳಬಹುದಾ?

ಯಾರು ಕೊಟ್ಟದ್ದು ಅಂತ ನೋಡಿ ಆರಿಸಿಕೊಳ್ಳಿ. ಹ್ಯೂಗೋ 1953ರಲ್ಲಿ ಶುರುವಾಯಿತು. ವಿಶ್ವ ಸೈನ್ಸ್ ಫಿಕ್ಷನ್ ಸಮಾವೇಶದ ಸದಸ್ಯರು, ಅಂದರೆ ಓದುಗರು, ಮತ ಹಾಕಿ ಕೊಡುತ್ತಾರೆ. ನೆಬ್ಯುಲಾ ಬರಹಗಾರರ ಸಂಘದ್ದು. ಎರಡೂ ಬಂದ ಪುಸ್ತಕ ಅಂದರೆ ಓದುವವರೂ ಬರೆಯುವವರೂ ಒಪ್ಪಿದ್ದು ಎಂದಾಯಿತು. 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' ಅಂಥದ್ದು.

ಆದರೆ ಒಂದು ಎಚ್ಚರಿಕೆ. ಮತ ಹಾಕುವವರು ನೂರಾರು ಪುಸ್ತಕ ಓದಿ ಪಳಗಿದವರು. ಅವರಿಗೆ ಹೊಸದು ಬೇಕು, ಹೊಸಬರಿಗೆ ಸುಲಭವಾದದ್ದಲ್ಲ. ಎನ್. ಕೆ. ಜೆಮಿಸಿನ್ ಅವರ 'ಬ್ರೋಕನ್ ಅರ್ತ್' ಸರಣಿಯ ಮೂರೂ ಪುಸ್ತಕಗಳು 2016, 2017, 2018ರಲ್ಲಿ ಸಾಲಾಗಿ ಹ್ಯೂಗೋ ಪಡೆದವು. ಅದ್ಭುತ ಪುಸ್ತಕಗಳು. ಆದರೆ ಮೊದಲನೆಯದು ಒಂದು ಎಳೆಯನ್ನು ಅದರ ನಾಯಕಿಯನ್ನೇ 'ನೀನು' ಎಂದು ಕರೆದು ಹೇಳುತ್ತದೆ, ಕಾಲವನ್ನು ಹಿಂದೆ ಮುಂದೆ ಮಾಡುತ್ತದೆ, ಬೇಕಂತಲೇ ಮುಚ್ಚಿಡುತ್ತದೆ. ಹತ್ತನೆಯ ಪುಸ್ತಕವಾಗಿ ಓದಿ, ಮೊದಲನೆಯದಾಗಿ ಬೇಡ. ಅಂದಹಾಗೆ, 'ಡ್ಯೂನ್' ಅನ್ನು ಸುಮಾರು ಇಪ್ಪತ್ತು ಪ್ರಕಾಶಕರು ಬೇಡ ಅಂದಿದ್ದರು. ಕೊನೆಗೆ ಅಚ್ಚು ಹಾಕಿದ ಚಿಲ್ಟನ್ ಎಂಬ ಸಂಸ್ಥೆ ಹೆಸರು ಮಾಡಿದ್ದು ಕಾರು ರಿಪೇರಿಯ ಕೈಪಿಡಿಗಳಿಗೆ!

ಅನುವಾದದಲ್ಲಿ ಓದಿದರೆ ಸಿಗುವುದು ಅರ್ಧವಾ?

ಅನುವಾದ ಯಾವುದರಿಂದ ಆಗಿದೆ ಅಂತ ನೋಡಿಕೊಳ್ಳಿ. ಪೋಲಿಷ್ ಲೇಖಕ ಸ್ಟಾನಿಸ್ಲಾವ್ ಲೆಮ್ ಅವರ 'ಸೋಲಾರಿಸ್' (1961) ಇಂಗ್ಲಿಷಿಗೆ 1970ರಲ್ಲಿ ಬಂದದ್ದು ಫ್ರೆಂಚ್ ಅನುವಾದದಿಂದ. ಇಂಗ್ಲಿಷ್ ಚೆನ್ನಾಗಿ ಓದುತ್ತಿದ್ದ ಲೆಮ್ ಅದನ್ನು ಮೆಚ್ಚಲಿಲ್ಲ. ಪೋಲಿಷ್‌ನಿಂದ ನೇರ ಅನುವಾದ ಬರಲು 2011 ಆಯಿತು. ಹಳೆಯದನ್ನು ಓದಿ 'ಭಾಷೆ ಒಣಕಲು' ಅಂದವರು ಲೆಮ್ ಅವರನ್ನಲ್ಲ, ಎರಡು ಸಲ ಸೋಸಿದ ಲೆಮ್ ಅವರನ್ನು ಓದಿದ್ದರು.

ಉಲ್ಟಾ ಕಥೆಯೂ ಇದೆ. ಲಿಯು ಸಿಶಿನ್ ಅವರ 'ದಿ ತ್ರೀ-ಬಾಡಿ ಪ್ರಾಬ್ಲಮ್' ಚೀನೀ ಪುಸ್ತಕದಲ್ಲಿ ಮಾವೋ ಕಾಲದ ಸಾಂಸ್ಕೃತಿಕ ಕ್ರಾಂತಿಯ ಅಧ್ಯಾಯಗಳು ಮಧ್ಯದಲ್ಲಿವೆ. ಕೆನ್ ಲಿಯು ಅವರ ಇಂಗ್ಲಿಷ್ ಅನುವಾದದಲ್ಲಿ (2014) ಅವು ಶುರುವಿನಲ್ಲೇ ಇವೆ. ಲೇಖಕರು ಮೊದಲು ಅಂದುಕೊಂಡಿದ್ದ ಜಾಗವೇ ಅದು. ಆ ಅನುವಾದಕ್ಕೆ 2015ರ ಹ್ಯೂಗೋ ಬಂತು.

ಸಿನಿಮಾ ಮೊದಲು ನೋಡಿಬಿಟ್ಟೆ. ಪುಸ್ತಕ ಕೆಟ್ಟಿತಾ?

ಇಲ್ಲ. ನಿಜ ಹೇಳಬೇಕೆಂದರೆ, ಹೆಸರುಗಳ ಗೊಂದಲ ಇರುವ ಪುಸ್ತಕಕ್ಕೆ ಸಿನಿಮಾ ಒಳ್ಳೆಯ ನಕ್ಷೆ. ಮುಖಗಳು ಮೊದಲೇ ಸಿಕ್ಕಿರುತ್ತವೆ. '2001: ಎ ಸ್ಪೇಸ್ ಒಡಿಸ್ಸಿ' ವಿಷಯದಲ್ಲಂತೂ ಯಾವುದು ಮೊದಲು ಅನ್ನೋ ಪ್ರಶ್ನೆಯೇ ಇಲ್ಲ. ಆರ್ಥರ್ ಸಿ. ಕ್ಲಾರ್ಕ್ ಕಾದಂಬರಿ, ಕುಬ್ರಿಕ್ ಸಿನಿಮಾ, ಎರಡೂ ಜೊತೆಜೊತೆಗೆ ಬೆಳೆದು 1968ರಲ್ಲಿ ಹೊರಬಂದವು. ಸಿನಿಮಾದಲ್ಲಿ ನೌಕೆ ಗುರುವಿಗೆ ಹೋಗುತ್ತದೆ, ಪುಸ್ತಕದಲ್ಲಿ ಶನಿಗೆ.

ಯಾರಾದರೂ 'ಒಂದು ಒಳ್ಳೆಯ ಪುಸ್ತಕ ಹೇಳಿ' ಅಂದರೆ ಏನು ಹೇಳಲಿ?

ಪುಸ್ತಕದ ಹೆಸರು ಹೇಳಬೇಡಿ. ಮೊದಲು ಕೇಳಿ.

ಇದನ್ನು ನಾನು ಕಲಿತದ್ದು ಒಂದು ಬುಕ್‌ಮಾರ್ಕ್‌ನಿಂದ. ಗೆಳೆಯನೊಬ್ಬ ಕೇಳಿದ. ನಾನಾಗ ಒಂದು ದಪ್ಪ ಸರಣಿಯ ಗುಂಗಿನಲ್ಲಿದ್ದೆ. ಮೊದಲ ಸಂಪುಟವನ್ನು ಕೈಗಿಟ್ಟೆ. ಸುಮ್ಮನೆ ಕೊಡಲಿಲ್ಲ, ಅರ್ಧ ಗಂಟೆ ಭಾಷಣ ಮಾಡಿ ಕೊಟ್ಟೆ. ಮೂರು ತಿಂಗಳಾದ ಮೇಲೆ ಪುಸ್ತಕ ವಾಪಸ್ ಬಂತು. "ಚೆನ್ನಾಗಿದೆ, ಚೆನ್ನಾಗಿದೆ" ಅಂದ. ಬುಕ್‌ಮಾರ್ಕ್ ತೆಗೆಯಲು ಮರೆತಿದ್ದ. 37ನೇ ಪುಟ. ತೆರೆದು ನೋಡಿದೆ. ಆ ಒಂದೇ ಪುಟದಲ್ಲಿ ಆರು ಹೊಸ ಹೆಸರು, ಎರಡು ರಾಜಮನೆತನ, ಒಂದು ಹಳೆಯ ಯುದ್ಧ. ನಾನಾದರೂ ಅಲ್ಲೇ ನಿಲ್ಲಿಸುತ್ತಿದ್ದೆ, ಬೇರೆ ಯಾರೋ ಕೊಟ್ಟಿದ್ದರೆ. ಅವನು ದಡ್ಡನಲ್ಲ. ಆ ಸಮಯದಲ್ಲಿ ಅವನ ಮನೆಯಲ್ಲಿ ಎಳೆ ಮಗು ಇತ್ತು, ದಿನಕ್ಕೆ ಹತ್ತು ನಿಮಿಷ ಓದುತ್ತಿದ್ದ. ಹತ್ತು ನಿಮಿಷ ಓದುವವನಿಗೆ ಪ್ರತಿ ಸಲವೂ ಆ ಆರು ಹೆಸರುಗಳು ಹೊಸದಾಗಿ ಬರುತ್ತವೆ. ಇದನ್ನು ನಾನು ಕೇಳಿರಲೇ ಇಲ್ಲ.

ಈಗ ಮೂರು ಪ್ರಶ್ನೆ ಕೇಳುತ್ತೇನೆ. ಕೊನೆಯ ಸಲ ನಿದ್ದೆಗೆಟ್ಟು ಓದಿದ ಪುಸ್ತಕ ಯಾವುದು? ಯಾವ ಬಗೆಯ ಕಥೆಯೇ ಆಗಲಿ, ಪರವಾಗಿಲ್ಲ. ಅರ್ಧಕ್ಕೆ ಬಿಟ್ಟದ್ದು ಯಾವುದು, ಎಲ್ಲಿ ಬಿಟ್ಟಿರಿ? ಈ ಉತ್ತರ ಮೊದಲಿನದಕ್ಕಿಂತ ಜಾಸ್ತಿ ಹೇಳುತ್ತದೆ. ಮೂರನೆಯದು, ಒಂದು ಸಲ ಕೂತರೆ ಎಷ್ಟು ಹೊತ್ತು ಓದುತ್ತೀರಿ? ಈ ಮೂರರಿಂದ ನನಗೆ ಬೇಕಾದ ಒಂದೇ ವಿಷಯ ಗೊತ್ತಾಗುತ್ತದೆ: ಈ ಮನುಷ್ಯ ಅರ್ಥವಾಗದೆ ಎಷ್ಟು ಪುಟ ಕೂರಬಲ್ಲರು? ಡ್ರ್ಯಾಗನ್ ಇಷ್ಟವೋ ರಾಕೆಟ್ ಇಷ್ಟವೋ ಅನ್ನೋದು ಆಮೇಲಿನ ಮಾತು. ಹತ್ತು ಪುಟ ಕೂರಬಲ್ಲವರಿಗೆ 'ದಿ ಮಾರ್ಷಿಯನ್', ನೂರು ಪುಟ ಕೂರಬಲ್ಲವರಿಗೆ 'ಡ್ಯೂನ್'. ಎರಡನ್ನೂ ಅದಲುಬದಲು ಕೊಟ್ಟರೆ ಇಬ್ಬರೂ ಬೇಜಾರಾಗುತ್ತಾರೆ.

ಆಮೇಲೆ ಒಂದೇ ಪುಸ್ತಕ ಹೇಳಿ. ಐದು ಹೇಳಿದರೆ ಅದು ಮನೆಪಾಠ. ಹೇಳಿದ ಮೇಲೆ ಸುಮ್ಮನಿರಿ. "ಎಲ್ಲಿಗೆ ಬಂತು? ಆ ಸೇತುವೆಯ ಹತ್ತಿರ ಬಂದೆಯಾ?" ಅಂತ ದಿನಾ ಮೆಸೇಜ್ ಕಳಿಸಬೇಡಿ. ಸೇತುವೆಯ ಹತ್ತಿರ ಏನೋ ಆಗುತ್ತೆ ಅಂತ ನೀವೇ ಹೇಳಿದ ಹಾಗಾಯಿತು.

ಕಥೆ ಬಿಟ್ಟುಕೊಡದೆ ಪುಸ್ತಕದ ಬಗ್ಗೆ ಹೇಗೆ ಹೇಳುವುದು?

ಶುರುವಿನ ಸ್ಥಿತಿ ಹೇಳಿ, ಅಲ್ಲಿಗೇ ನಿಲ್ಲಿಸಿ. 'ಪಿರಾನೆಸಿ' ಬಗ್ಗೆ ಮೇಲೆ ನಾನು ಹೇಳಿದ್ದು ಮನೆ, ಶಿಲ್ಪ, ಸಮುದ್ರ, ದಿನಚರಿ. ಅದಕ್ಕಿಂತ ಒಂದು ವಾಕ್ಯ ಹೆಚ್ಚು ಹೇಳಿದರೂ ನಷ್ಟ. 'ಕೊನೆಯಲ್ಲಿ ಒಂದು ತಿರುವು ಇದೆ' ಅನ್ನೋದೂ ಗುಟ್ಟು ಬಿಟ್ಟುಕೊಟ್ಟ ಹಾಗೆಯೇ. ಕೇಳಿದವರು ಪ್ರತಿ ಪುಟದಲ್ಲೂ ತಿರುವನ್ನೇ ಹುಡುಕುತ್ತಾ ಕೂರುತ್ತಾರೆ.

ಆದರೆ ಹಿಂಸೆ, ಅತ್ಯಾಚಾರ, ಮಗುವಿನ ಸಾವು ಇದ್ದರೆ ಮುಂಚೆಯೇ ಹೇಳಿಬಿಡಿ. ಇದು ಗುಟ್ಟು ಒಡೆಯುವುದಲ್ಲ. ಜೆಮಿಸಿನ್ ಅವರ ಸರಣಿಯ ಮೊದಲ ಪುಟಗಳಲ್ಲೇ ಮಗನನ್ನು ಕಳೆದುಕೊಂಡ ತಾಯಿ ಇದ್ದಾಳೆ. ಯಾರಿಗೆ ಕೊಡುತ್ತಿದ್ದೀರಿ, ಅವರ ಮನೆಯಲ್ಲಿ ಇತ್ತೀಚೆಗೆ ಏನಾಗಿದೆ ಅಂತ ನೋಡಿ ಕೊಡಿ.

ಮಕ್ಕಳಿಗೆ ಏನು ಕೊಡಲಿ?

'ದಿ ಹಾಬಿಟ್' ಅನ್ನು ಗಟ್ಟಿಯಾಗಿ ಓದಿ ಹೇಳಿ. ಕಥೆ ಹೇಳುವವರ ದನಿಯಲ್ಲೇ ಬರೆದದ್ದು ಅದು. ಹನ್ನೆರಡು ದಾಟಿದವರಿಗೆ ಲೆ ಗ್ವಿನ್ ಅವರ 'ಎ ವಿಜರ್ಡ್ ಆಫ್ ಅರ್ತ್‌ಸೀ' (1968). ಜಂಭಕ್ಕೆ ಬಿದ್ದ ಒಬ್ಬ ಹುಡುಗ ತನ್ನ ಶಕ್ತಿ ತೋರಿಸಲು ಹೋಗಿ, ಒಂದು ಕೆಟ್ಟ ನೆರಳನ್ನು ಲೋಕದೊಳಗೆ ಬಿಡುತ್ತಾನೆ. ಅದು ಅವನ ಬೆನ್ನು ಹತ್ತುತ್ತದೆ. ಚಿಕ್ಕ ಪುಸ್ತಕ. ದೊಡ್ಡವರು ಓದಿದರೆ ಬೇರೆಯೇ ಪುಸ್ತಕ.

ಆಡಿಯೋದಲ್ಲಿ ಕೇಳಿದರೆ ಓದಿದ ಹಾಗೆ ಆಗುತ್ತಾ?

ಆಗುತ್ತೆ. ಒಂದೇ ತೊಂದರೆ, ಪುಸ್ತಕದಲ್ಲಿ ಹಾಕಿರುವ ಆ ಲೋಕದ ನಕ್ಷೆ ಕಾಣುವುದಿಲ್ಲ.

ಅರ್ಧಕ್ಕೆ ಬಿಡಬಹುದಾ?

ಬಿಡಿ. ಎಲ್ಲಿ ಬಿಟ್ಟಿರಿ ಅಂತ ಗುರುತು ಮಾತ್ರ ಇಡಿ. ನಾನು 'ಡ್ಯೂನ್' ಅನ್ನು ಎರಡು ಸಲ ಬಿಟ್ಟವನು. ಮೂರನೆಯ ಸಲ ಜ್ವರ ಬಂದು ಮಲಗಿದ್ದಾಗ ಓದಿ ಮುಗಿಸಿದೆ.

ಇದೆಲ್ಲ ಅಡಗೂಲಜ್ಜಿ ಕಥೆ, ನಿಜವಾದ ಸಾಹಿತ್ಯ ಅಲ್ಲ ಅಂತಾರಲ್ಲ?

ಅನ್ನಲಿ. ಲೆ ಗ್ವಿನ್ 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್'ನಲ್ಲಿ ಗಂಡು ಹೆಣ್ಣು ಎಂಬ ಶಾಶ್ವತ ಭೇದವೇ ಇಲ್ಲದ ಜನರ ಗ್ರಹ ಕಟ್ಟಿದ್ದು ಅಲ್ಲಿನ ಹಿಮ ತೋರಿಸಲು ಅಲ್ಲ. ನಾವು ಯಾರನ್ನಾದರೂ ಕಂಡ ತಕ್ಷಣ ಮೊದಲು ಗಂಡೋ ಹೆಣ್ಣೋ ಅಂತ ನೋಡುತ್ತೇವಲ್ಲ, ಆ ಅಭ್ಯಾಸವನ್ನು ತೆಗೆದು ಎದುರಿಗೆ ಇಡಲು. ಮಾಮೂಲಿ ಕಾದಂಬರಿಯಲ್ಲಿ ಅದನ್ನು ಹೇಗೆ ಮಾಡುತ್ತೀರಿ? ವಾದಕ್ಕೆ ಇಳಿಯುವ ಬದಲು ನಾನು ಒಂದು ಚಿಕ್ಕ ಪುಸ್ತಕ ಕೊಡುತ್ತೇನೆ. ಒಮ್ಮೊಮ್ಮೆ ಕೆಲಸ ಆಗುತ್ತೆ, ಬಹಳ ಸಲ ಆಗಲ್ಲ.

ನಾನು ಕೊಟ್ಟ ಪುಸ್ತಕ ಅವರಿಗೆ ಇಷ್ಟವಾಗಲಿಲ್ಲ. ಬೇಜಾರಾಗಿದೆ.

ಆಗುತ್ತೆ. ನಮ್ಮನ್ನೇ ಬೇಡ ಅಂದ ಹಾಗೆ ಅನ್ನಿಸುತ್ತೆ. 'ಯಾಕೆ ಇಷ್ಟವಾಗಲಿಲ್ಲ' ಅಂತ ಕೇಳಬೇಡಿ, ಅವರು ಸಮರ್ಥನೆಗೆ ಇಳಿಯುತ್ತಾರೆ. 'ಎಲ್ಲಿವರೆಗೆ ಚೆನ್ನಾಗಿತ್ತು' ಅಂತ ಕೇಳಿ. ಮುಂದಿನ ಪುಸ್ತಕ ಯಾವುದು ಅಂತ ಆ ಉತ್ತರದಲ್ಲೇ ಇರುತ್ತದೆ. 37ನೇ ಪುಟದ ಗೆಳೆಯನಿಗೆ ಆಮೇಲೆ 'ಅರ್ತ್‌ಸೀ' ಕೊಟ್ಟೆ. ಭಾಷಣವಿಲ್ಲದೆ.

ಕೊಟ್ಟ ಪುಸ್ತಕ ವಾಪಸ್ ಬರುವುದೇ ಇಲ್ಲ. ಏನು ಮಾಡಲಿ?

ತುಂಬ ಇಷ್ಟದ್ದಾದರೆ ಎರಡು ಪ್ರತಿ ಇಟ್ಟುಕೊಳ್ಳಿ, ಕೊಡುವುದಕ್ಕೆ ಒಂದು ಸವೆದದ್ದು. ಆ 'ಅರ್ತ್‌ಸೀ' ವಾಪಸ್ ಬರಲು ಎರಡು ವರ್ಷ ಹಿಡಿಯಿತು. ಬೆನ್ನು ಬಿಟ್ಟಿತ್ತು, ಟೇಪ್ ಹಚ್ಚಿದ್ದರು. ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಹೆಸರುಗಳ ಪಟ್ಟಿ ಇತ್ತು, ಪಕ್ಕದಲ್ಲಿ ಪುಟ್ಟ ಪುಟ್ಟ ಗುರುತುಗಳು. ಕೈಬರಹ ನನ್ನದಲ್ಲ. ಗೆಳೆಯನಿಗೆ ತೋರಿಸಿದೆ. ಅವನದೂ ಅಲ್ಲವಂತೆ.